ಬಿಸಿನೀರಿನಲ್ಲಿ ಕಪ್ಪಾದ ಕಾಲುಂಗುರ

ಜೂನ್ ಹನ್ನೊಂದು, ಬುಧವಾರ, ಮಧ್ಯಾಹ್ನ ಮೂರೂಕಾಲು. ಬಾಲಿ ದ್ವೀಪದಲ್ಲಿ, ಜ್ವಾಲಾಮುಖಿಯೊಂದರ ಬುಡದ ಬಿಸಿನೀರಿನ ಕೊಳಕ್ಕೆ ನಾನೂ ನನ್ನ ಗಂಡನೂ ಕಾಲು ಇಳಿಬಿಟ್ಟು ಕೂತೆವು. ಹೊತ್ತು ಬರೆದಿಡುವುದು ನನ್ನ ಅಭ್ಯಾಸ. ಅವತ್ತಿನ ಪುಟದಲ್ಲಿ "ನೀರು ಹಿತ, ವಾಸನೆ ಬೇಯಿಸಿದ ಮೊಟ್ಟೆಯದು" ಎಂದಷ್ಟೇ ಇದೆ. ಸ್ವಲ್ಪ ಹೊತ್ತಿನ ಮೇಲೆ ಕಾಲು ಎತ್ತಿದಾಗ ನನ್ನ ಎರಡೂ ಕಾಲುಂಗುರಗಳು ಬಾಣಲೆಯ ತಳದ ಹಾಗೆ ಕಪ್ಪಾಗಿದ್ದವು.

ಗಂಡ ಬಾಗಿ ನೋಡಿದ. ಅವನು ಗದಗಿನ ಕಡೆಯವನು, ಔಷಧ ಕಂಪನಿಯೊಂದರಲ್ಲಿ ಕೆಲಸ.

"ಗಂಧಕದ ನೀರು. ಬೆಳ್ಳಿ ಕಪ್ಪಾಗ್ತೈತಿ. ಸಾಲ್ಯಾಗ ಓದಿಲ್ಲೇನು?"

"ಓದಿದೀನಿ."

"ಮತ್ಯಾಕ ಮಾರಿ ಅಷ್ಟು ಸಣ್ಣದು ಮಾಡ್ಕೊಂಡಿ?"

ಉತ್ತರ ಅವನಿಗೂ ಗೊತ್ತಿತ್ತು. ಹಲಸೂರಿನಲ್ಲಿರುವ ನನ್ನ ಅಮ್ಮ ಈ ಕಪ್ಪನ್ನು ನೋಡಿದರೆ ಏನು ಅಂದುಕೊಳ್ಳುತ್ತಾಳೆ ಎಂಬುದೊಂದೇ ನನ್ನ ಅಂಜಿಕೆ.

ಯಾಕೆಂದರೆ ಆ ಬೆಳ್ಳಿ ಅವಳದು. ಅಪ್ಪ ತೀರಿಕೊಂಡಾಗ ಅವಳು ಕಾಲಿನಿಂದ ತೆಗೆದು ಬಟ್ಟೆಯಲ್ಲಿ ಸುತ್ತಿಟ್ಟದ್ದು. ನನ್ನ ಮದುವೆ ಗೊತ್ತಾದಾಗ, ಅದನ್ನೇ ಕರಗಿಸಿ ನನಗೆ ಕಾಲುಂಗುರ ಮಾಡಿಸು ಎಂದು ನಾನು ಹಟ ಹಿಡಿದೆ. ಅಮ್ಮ ಒಪ್ಪಲಿಲ್ಲ. "ನನ್ ಬೆಳ್ಳಿ ನಿಂಗೆ ಬೇಡ ಕಣೇ. ನನ್ ಕಾಲಲ್ಲೇ ಅದು ನಿಲ್ಲಲಿಲ್ಲ," ಎಂದಳು. ಕೆ.ಆರ್. ಪುರದಲ್ಲಿರುವ ಅವಳ ಅಕ್ಕ, ನಮ್ಮ ದೊಡ್ಡಮ್ಮ, ಇನ್ನೂ ಖಾರವಾಗಿ ಮಾತಾಡಿದರು. ಗಂಡ ಹೋದವಳ ಬೆಳ್ಳಿಯನ್ನು ಮದುಮಗಳ ಕಾಲಿಗೆ ಯಾವ ಮನೆಯಲ್ಲಿ ಹಾಕುತ್ತಾರೆ ಎಂದು ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದರು. ನಾನು ಬಿಡಲಿಲ್ಲ. ಕೊನೆಗೆ ಅಮ್ಮ ನನ್ನ ಜೊತೆ ಹಲಸೂರಿನ ಬಜಾರಿನ ಅಂಗಡಿಗೆ ಬಂದಳು. ಅವಳದು ಒಂದೇ ಷರತ್ತು, ಕರಗಿಸುವಾಗ ಚೂರು ಹೊಸ ಬೆಳ್ಳಿ ಸೇರಿಸಬೇಕು. ಹೊಸದು ಸೇರಿದರೆ ಹಳೆಯದರ ದೋಷ ಹೋಗುತ್ತದೆ ಎಂದು ಅವಳ ನಂಬಿಕೆ. ಎರಡೂ ಕರಗಿ ಒಂದಾಗುವವರೆಗೆ ಕಣ್ಣು ಕೀಳದೆ ನಿಂತಿದ್ದಳು.

ಮದುವೆಯಾಗಿ ಏಳು ತಿಂಗಳಾಗಿತ್ತು. ಭಾನುವಾರ ಬಾಣಸವಾಡಿಯಿಂದ ಅಮ್ಮನ ಮನೆಗೆ ಹೋದರೆ ಅವಳ ಕಣ್ಣು ಮೊದಲು ನನ್ನ ಕಾಲಿಗೆ, ಆಮೇಲೆ ನನ್ನ ಗಂಡನ ಮುಖಕ್ಕೆ ಹೋಗುತ್ತಿತ್ತು. ಅವನು ಎರಡು ಸಲ ಸೀನಿದರೂ ಒಳಗಿನಿಂದ ಅಮೃತಾಂಜನ ಬರುತ್ತಿತ್ತು.

ಬಾಲಿಗೆ ಹೋಗುವ ಆಸೆ ಇಬ್ಬರದೂ. ಹಣ ಕಡಿಮೆ ಇದ್ದದ್ದರಿಂದ ಎಲ್ಲವನ್ನೂ ಬೆನ್ನ ಮೇಲೆ ಹೊತ್ತೇ ತಿರುಗುವುದೆಂದು ತೀರ್ಮಾನಿಸಿದ್ದೆವು. ಬೆನ್ನಿನ ಚೀಲಗಳು, ಬೂಟುಗಳು ಶಿವಾಜಿನಗರದಲ್ಲಿ ಚೌಕಾಸಿ ಮಾಡಿ ಕೊಂಡದ್ದು. ಚೀಲದಲ್ಲಿ ತೆಳು ಅವಲಕ್ಕಿ, ಚಟ್ನಿಪುಡಿ, ನೀರು ಕಾಯಿಸುವ ಸಣ್ಣ ಕೆಟಲ್. ಬೆಳಗಿನ ತಿಂಡಿ ಆರೂ ದಿನ ಅದೇ. ನಾಲ್ಕನೆಯ ದಿನ ಗಂಡ ಅವಲಕ್ಕಿಯ ಮುಂದೆ ಕೈಮುಗಿದು ಕೂತ. ಬಾಡಿಗೆ ಸ್ಕೂಟರಿನಲ್ಲಿ ಹೋಗುವಾಗ ಚೀಲವೊಂದು ಅವನ ಎದೆಯ ಮೇಲೆ, ಇನ್ನೊಂದು ನನ್ನ ಬೆನ್ನ ಮೇಲೆ. ಏರಿನಲ್ಲಿ ಸ್ಕೂಟರು ಉಸ್ಸೆಂದು ನಿಂತಾಗ ನಾನು ಇಳಿದು ನಡೆಯುತ್ತಿದ್ದೆ. ರಸ್ತೆಯ ಎರಡೂ ಬದಿಗೆ ಹಳೆಯ ಲಾವಾದ ಕರಿಕಲ್ಲು, ಅದರ ಸಂದಿಯಲ್ಲೇ ಯಾರೋ ಟೊಮೆಟೊ, ಈರುಳ್ಳಿ ಬೆಳೆದಿದ್ದರು.

ಕೊಳದಿಂದ ಬಂದವರು ರೂಮಿನಲ್ಲಿ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದೆವು. ನಾವು ತಂಗಿದ್ದ ಮನೆಯ ಒಡತಿ ಅಂಗಳದ ಪುಟ್ಟ ಗುಡಿಯ ಮುಂದೆ ಎಲೆಯ ಬುಟ್ಟಿಯಲ್ಲಿ ಹೂವಿಟ್ಟು ಎದ್ದವರು, ನಮ್ಮನ್ನು ನೋಡಿ ನಕ್ಕು, ಒಲೆಯ ಬೂದಿಯನ್ನೂ ಅರ್ಧ ನಿಂಬೆಹಣ್ಣನ್ನೂ ತಂದುಕೊಟ್ಟರು. ಮೇಲ್ಮೈ ಸ್ವಲ್ಪ ಬೆಳ್ಳಗಾಯಿತು. ಆದರೆ ಉಂಗುರದ ಮೇಲೆ ಜಡೆಯಂಥ ಹೆಣಿಗೆ ಇದೆ, ಅದರ ಸಂದಿಯ ಕಪ್ಪು ಅಲ್ಲಾಡಲಿಲ್ಲ. ತೆಗೆದು ಚೀಲದಲ್ಲಿಡು ಎಂದು ಗಂಡ ಹೇಳಿದ. ಅದೊಂದು ನನ್ನಿಂದಾಗಲಿಲ್ಲ. ಅಮ್ಮ ತನ್ನವನ್ನು ತೆಗೆಯುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೆ.

ಮರುದಿನ ಬೆಟ್ಟ ಹತ್ತುವುದಿತ್ತು. ನಾವು ಬಂದದ್ದೇ ಅದಕ್ಕೆ. ಬೇಡ ಎನ್ನಬೇಕೆಂದು ಎರಡು ಸಲ ಬಾಯಿಗೆ ಬಂತು, ಅನ್ನಲಿಲ್ಲ. ನಸುಕಿನಲ್ಲಿ ಇನ್ನೊಂದು ಜೋಡಿಯ ಜೊತೆ ದಾರಿ ತೋರಿಸುವವನ ಖರ್ಚು ಹಂಚಿಕೊಂಡು ಹತ್ತಿದೆವು. ತುದಿಯಲ್ಲಿ ಬಂಡೆಯ ಬಿರುಕುಗಳಿಂದ ಹಬೆ ಏಳುತ್ತಿತ್ತು. ದಾರಿ ತೋರಿಸುವವನು ಅದರಲ್ಲೇ ಬಾಳೆಹಣ್ಣು ಬೇಯಿಸಿ ಕೊಟ್ಟ. ಕೆಳಗೆ ಕೆರೆ, ಆಚೆ ಇನ್ನೊಂದು ಬೆಟ್ಟ, ಅದರ ಹಿಂದಿನಿಂದ ಸೂರ್ಯ. ನಾನು ಅದನ್ನು ನೋಡಿದ್ದು ಕಡಿಮೆ, ಗಂಡನ ಹೆಜ್ಜೆ ನೋಡಿದ್ದೇ ಹೆಚ್ಚು.

ಇಳಿಯುವಾಗ ಅವನು ಜಾರಿದ. ಸಡಿಲ ಕರಿಮರಳು ಕಾಲಡಿಯಿಂದ ಹರಿದುಹೋಯಿತು, ಅವನು ಅಂಗೈ ಊರಿ ನಾಲ್ಕಾರು ಅಡಿ ಜರುಗಿ ನಿಂತ. ನಾನು ಕೂತೇ ಜಾರಿಕೊಂಡು ಅವನ ಬಳಿ ಹೋದೆ. ಅಂಗೈಯ ಚರ್ಮ ಕಿತ್ತಿತ್ತು. ಅವನು ನನ್ನ ಮುಖ ನೋಡಿ, ಬಾಯಿ ಬಿಟ್ಟುಕೊಂಡಿದ್ದ ಬೂಟು ಎತ್ತಿ ತೋರಿಸಿದ.

"ಉಂಗುರಕ್ಕ ಬೈಬ್ಯಾಡ. ಇದು ಶಿವಾಜಿನಗರದ ಬೂಟಿನ ಕೆಲಸ. ಅರ್ಧಾ ರೇಟಿಗೆ ಇಳಿಸಿದಾಕಿ ನೀನ."

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವತ್ತಿನ ಪುಟದಲ್ಲಿ "ಬೂಟಿನ ಅಟ್ಟೆ ಕಿತ್ತಿತು" ಎಂದಿದೆ. ಆ ಹೊತ್ತಿನಲ್ಲಿ ಏನೆಂದುಕೊಂಡೆ ಎಂಬುದನ್ನು ಬರೆದಿಲ್ಲ.

ಸಂಜೆ ಅಮ್ಮ ವಿಡಿಯೊ ಕಾಲ್ ಮಾಡಿದಳು. ನಾನು ಕೆರೆ ತೋರಿಸಿದೆ, ಬೆಟ್ಟ ತೋರಿಸಿದೆ. ಅಷ್ಟರಲ್ಲಿ ಗಂಡ ಕೈಯ ಬ್ಯಾಂಡೇಜು ಮರೆತು ಅವಳಿಗೆ ಟಾಟಾ ಮಾಡಿದ.

"ನಿನ್ ಕಾಲು ತೋರ್ಸು," ಎಂದಳು ನನಗೆ.

"ಬಂದ್ಮೇಲೆ ತೋರಿಸ್ತೀನಮ್ಮ."

ಅವಳು ಮತ್ತೆ ಒತ್ತಾಯಿಸಲಿಲ್ಲ. ಅದು ನನಗೆ ಬೆಟ್ಟಕ್ಕಿಂತ ಭಾರವಾಯಿತು.

ಬೆಂಗಳೂರಿಗೆ ಇಳಿದದ್ದು ಭಾನುವಾರ. ಬಾಣಸವಾಡಿಗೆ ಹೋಗಿ ಇನ್ನೊಂದು ಸಲ ಉಜ್ಜಿ ನೋಡೋಣ ಎಂದು ನಾನು ಹೇಳುತ್ತಿದ್ದೆ. ಗಂಡ ಕೇಳಲಿಲ್ಲ, ಚೀಲಗಳ ಸಮೇತ ನೇರ ಹಲಸೂರಿಗೆ ಕರೆದುಕೊಂಡು ಹೋದ. ಬಾಗಿಲಲ್ಲೇ ಹೇಳಿಬಿಟ್ಟ.

"ಅತ್ತಿ, ಕಾಲುಂಗುರ ಕಪ್ಪಾಗ್ಯಾವ್ರಿ. ಆ ನೀರಾಗ ಕಾಲಿಡು ಅಂದಾಂವ ನಾನ."

ಅಮ್ಮ ಮೊದಲು ಅವನ ಅಂಗೈ ತಿರುಗಿಸಿ ನೋಡಿದಳು. ಉರಿ ಇದೆಯಾ ಎಂದು ಕೇಳಿದಳು, ಅವನು ಇಲ್ಲ ಎಂದ. ಆಮೇಲೆ ನೆಲದ ಮೇಲೆ ಕೂತು ನನ್ನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು. ವಿಭೂತಿ ಉಂಡೆ ಪುಡಿ ಮಾಡಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜತೊಡಗಿದಳು. ಉಂಗುರವನ್ನು ಬೆರಳಲ್ಲೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಹಳೇದು ಯಾವ್ದು, ಹೊಸದು ಯಾವ್ದು ಅಂತ ಗೊತ್ತೇ ಆಗಲ್ಲ. ಎಲ್ಲಾ ಒಂದೇ ಥರ ಕಪ್ಪಾಗಿದೆ," ಎಂದಳು.

ಇನ್ನೊಂದು ಕಾಲು ತೆಗೆದುಕೊಂಡಳು.

"ನಿಮ್ಮಪ್ಪ ಹಾಕಿದ್ದು. ಇಪ್ಪತ್ತಾರು ವರ್ಷ ಇತ್ತು ನನ್ ಕಾಲಲ್ಲಿ. ನಿಲ್ಲಲಿಲ್ಲ ಅಂತ ನಾನೇ ಅಂದ್ಬಿಟ್ಟೆ ನೋಡು."

ಅವಳು ಉಜ್ಜುತ್ತಲೇ ಇದ್ದಳು.

ಊಟದ ಹೊತ್ತಿಗೆ ದೊಡ್ಡಮ್ಮನ ಫೋನು ಬಂತು. ಅಮ್ಮನೇ ತೆಗೆದು, ಹ್ಞೂ ಅಕ್ಕ, ಬಂದ್ರು, ಕಾಲುಂಗುರ ಕಪ್ಪಾಗಿತ್ತು, ಉಜ್ಜಿದೆ, ಬೆಳ್ಳಗಾಯ್ತು ಎಂದು ಅನ್ನಕ್ಕೆ ಎಷ್ಟು ನೀರಿಟ್ಟೆ ಎಂದು ಹೇಳುವ ದನಿಯಲ್ಲಿ ಹೇಳಿದಳು. ಆಚೆ ಕಡೆಯಿಂದ, ಯಾವ ಮನೆಯಲ್ಲಿ ಹಾಕುತ್ತಾರೆ ಎಂಬ ಆ ಹಳೆಯ ಪ್ರಶ್ನೆ ಮತ್ತೆ ಬಂದಿರಬೇಕು. ಫೋನಿಟ್ಟು ನನ್ನ ಕಡೆ ತಿರುಗಿದಳು.

"ನೀನು ಏನೇನೋ ಬರೀತಿರ್ತೀಯಲ್ಲ. ಅಮ್ಮನ ಬೆಳ್ಳಿ ಹಾಕ್ಕೊಂಡಿರೋ ಮಗಳು ಬೇರೆ ಎಲ್ಲಾದ್ರೂ ಇದಾಳಾ, ಕೇಳಿ ನೋಡು. ನಮ್ಮಕ್ಕಂಗೆ ಹೇಳ್ಬೇಕು."

ಅದಕ್ಕೇ ಕೇಳುತ್ತಿದ್ದೇನೆ. ಗಂಡನನ್ನು ಕಳೆದುಕೊಂಡ ತಾಯಿಯ ಕಾಲುಂಗುರವನ್ನು ಮಗಳಿಗೆ ಹಾಕಿದ ಮನೆ ನಿಮ್ಮದಾಗಿದ್ದರೆ, ಅಥವಾ ಅಂಥ ಮನೆ ನಿಮಗೆ ಗೊತ್ತಿದ್ದರೆ, ದಯವಿಟ್ಟು ಬರೆದು ತಿಳಿಸಿ. ಯಾವ ಊರು, ಯಾರು ಒಪ್ಪಲಿಲ್ಲ, ಆಮೇಲೆ ಯಾರು ಒಪ್ಪಿದರು ಎಂಬುದನ್ನೂ ಬರೆಯಿರಿ, ಅಮ್ಮನಿಗೆ ಓದಿ ಹೇಳುತ್ತೇನೆ. ಹೆಣಿಗೆಯ ಸಂದಿಯಲ್ಲಿ ಇನ್ನೂ ಒಂದಿಷ್ಟು ಕಪ್ಪು ಉಳಿದಿದೆ. ಅದಕ್ಕೆ ಉಪಾಯ ಗೊತ್ತಿರುವವರು ಅದನ್ನೂ ತಿಳಿಸಬಹುದು, ಅವಸರವಿಲ್ಲ.