ಒಲೆಯ ಮೇಲಿದ್ದ ರೀಲು

ಒಂದೊಂದು ಚಿತ್ರದ ಎರಡೂ ಪಕ್ಕಗಳಲ್ಲಿ ನಾಲ್ಕು ನಾಲ್ಕು ತೂತುಗಳಿದ್ದವು. ಚಿತ್ರದ ಅಗಲ ನನ್ನ ಹೆಬ್ಬೆರಳಿಗಿಂತ ತುಸು ಹೆಚ್ಚು. ಸಿದ್ದಾಪುರದ ಸಣ್ಣಜ್ಜಿಯ ಮನೆಯ ಕಿಟಕಿಗೆ ಆ ಹಳೆಯ ಫಿಲ್ಮಿನ ಪಟ್ಟಿಯನ್ನು ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ.

ಸಣ್ಣಜ್ಜಿ ನನ್ನ ಅಜ್ಜಿಯ ತಂಗಿ. ಅವರ ತಂದೆ ಮೂಕಿ ಚಿತ್ರಗಳ ಕಾಲದಲ್ಲಿ ಬೊಂಬಾಯಿಯ ಒಂದು ಸ್ಟುಡಿಯೋದಲ್ಲಿ ಹಿನ್ನೆಲೆಯ ಪರದೆಗಳಿಗೆ ಬಣ್ಣ ಬಳಿಯುತ್ತಿದ್ದರು. ಊರಿಗೆ ಮರಳುವಾಗ ಒಂದು ತಗಡಿನ ಡಬ್ಬಿ ತಂದಿದ್ದರು. ಅದರಲ್ಲಿರುವುದು ಸಿನಿಮಾ ಅಲ್ಲ, ಬಿಡುವಿನ ಹೊತ್ತಿನಲ್ಲಿ ಕ್ಯಾಮೆರಾದವನು ಉಳಿಕೆ ಫಿಲ್ಮಿನಲ್ಲಿ ತೆಗೆದ ಸ್ಟುಡಿಯೋದ ದೃಶ್ಯಗಳು ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಸಣ್ಣಜ್ಜಿ ತೊಟ್ಟಿಲಲ್ಲಿದ್ದಾಗಲೇ ತಂದೆ ತೀರಿಕೊಂಡರು. ಮನೆಯಲ್ಲಿ ಅವರದೊಂದು ಫೋಟೋ ಕೂಡ ಇಲ್ಲ. ನಾನು ಸಿನಿಮಾ ಇತಿಹಾಸದಲ್ಲಿ ಎಂ.ಎ. ಮುಗಿಸಿದ ಮೇಲೆ ಸಣ್ಣಜ್ಜಿ ಕೇಳಿದ್ದು ಒಂದೇ: ಆ ಡಬ್ಬಿಯಲ್ಲಿ ಅಪ್ಪಯ್ಯನ ಮುಖ ಸಿಗಬಹುದೇ?

ಡಬ್ಬಿ ಇದ್ದದ್ದು ಒಲೆಯ ಮೇಲಿನ ಅಟ್ಟದಲ್ಲಿ. ಬೂಸ್ಟು ಹಿಡಿಯಬಾರದ್ದನ್ನೆಲ್ಲ ನಮ್ಮ ಕಡೆ ಅಲ್ಲೇ ಇಡುತ್ತಾರೆ, ಬಿತ್ತನೆ ಬೀಜದಿಂದ ಕಾಗದಪತ್ರದವರೆಗೆ. ಆ ಕಾಲದ ಫಿಲ್ಮಿಗೆ ಒಂದು ಕಿಡಿ ಸಾಕು. ಹೊತ್ತಿಕೊಳ್ಳದೆ ಉಳಿದದ್ದೇ ಆಶ್ಚರ್ಯ. ಆದರೆ ಕಾವಿಗೆ ಸುರುಳಿಯ ಬಹುಭಾಗ ಅಂಟಿಕೊಂಡು ಬೆಲ್ಲದ ಅಚ್ಚಿನಂತಾಗಿತ್ತು. ಬಿಡಿಸಲು ಸಿಕ್ಕಿದ್ದು ಒಂದು ಮೊಳ, ಅದೂ ತುಂಡಾಗಿ.

"ಹೊಗೆ ತಾಗಿರೆ ಗಟ್ಟಿ ಇರ್ತು ಹೇಳಿ ಆನೇ ಇಟ್ಟಿದ್ದು," ಎಂದು ತಾವೇ ಒಪ್ಪಿಕೊಂಡರು ಸಣ್ಣಜ್ಜಿ.

"ಗಟ್ಟಿ ಆಯ್ದು ಬಿಡಿ, ಕಲ್ಲಿನಷ್ಟು," ಎಂದರು ಅವರ ಸೊಸೆ, ಒಲೆಯ ಬಳಿಯಿಂದ.

"ನೀ ಸುಮ್ನಿರೆ ಮಾರಾಯ್ತಿ. ಕೂಸೆ, ಎಂತ ಕಾಣ್ತು?"

ಬಟ್ಟೆಯ ಕೋಟೆಯ ಮುಂದೆ, ಕಿರೀಟ ಹೊತ್ತ ನಾಯಕಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದಳು. ಹಿಂದೆ ಬಣ್ಣ ಮೆತ್ತಿದ ಅಂಗಿಯ ಮೂವರು. ಇಬ್ಬರ ಕೈಯಲ್ಲಿ ಬಸಿ. ಮೂರನೆಯವನು ಮಾತ್ರ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಿದ್ದ. ಕಂಡದ್ದನ್ನು ಹಾಗೆಯೇ ಹೇಳಿದೆ.

"ಅವನೇ ಅಪ್ಪಯ್ಯ! ಬೊಂಬಾಯಿಗೆ ಹೋದ್ರೂ ಕಚ್ಚಿ ಕುಡಿದಿದ್ನಿಲ್ಲೆ ನೋಡು."

ಎತ್ತಿ ಕುಡಿಯುವವರು ಬೇರೆಯವರೂ ಇದ್ದಿರಬಹುದು, ಖಚಿತವಿಲ್ಲ ಎಂದೆ. ಸಣ್ಣಜ್ಜಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಮುಖ?"

ಪ್ರತಿ ಚಿತ್ರದಲ್ಲೂ ಎತ್ತಿದ ಕೈ ಮುಖಕ್ಕೆ ಅಡ್ಡವಾಗಿತ್ತು. ಲೋಟ ಇಳಿಸಿದ ಚಿತ್ರಗಳು ಇದ್ದರೆ ಅಂಟಿದ ಗಟ್ಟಿಯೊಳಗೆ ಇರಬೇಕು.

"ಬಿಸಿನೀರಿಗೆ ಹಾಕಿರೆ ಬಿಡ್ತಿಲ್ಯ?"

"ಇದ್ದಿದ್ದೂ ಹೋಗ್ತು ಸಣ್ಣಜ್ಜಿ. ಬಿಡಿಸೋ ಜನ ಇದ್ದ. ಆದ್ರೆ ಒಂದು ವರ್ಷ ಹಿಡಿಗು. ಸಿಕ್ಕೇ ಸಿಗ್ತು ಹೇಳಲೆ ಬತ್ತಿಲ್ಲೆ."

"ಒಂದು ಲೋಟ ಚಾ ಕುಡಿಯಲೆ ನೂರು ವರ್ಷ ಬೇಕಾತು ಅಜ್ಜಂಗೆ!" ಎಂದರು ಸೊಸೆ. ಸಣ್ಣಜ್ಜಿಯೂ ನಕ್ಕರು. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ ನನ್ನ ಕಡೆ ಸರಿಸಿದರು.

"ಯಂಗೆ ಎಂಬತ್ತಾರು ಆತು. ಒಂದು ವರ್ಷ ಕಾಯ್ತೆ. ಕಳಿಸು."

ಮರುದಿನ ಬೆಳಿಗ್ಗೆ, ಬೆಂಕಿಯ ಭಯಕ್ಕೆ, ಡಬ್ಬಿಯನ್ನು ಮನೆಯಿಂದ ದೂರ, ಗಾಳಿಯಾಡುವ ಖಾಲಿ ಕೊಟ್ಟಿಗೆಗೆ ಸಾಗಿಸಿದೆ. ಹಳೆಯ ಚಿತ್ರಗಳ ಸಂಗ್ರಹಾಲಯವೊಂದಕ್ಕೆ ಮೇಲ್ ಬರೆದು, ಇದನ್ನು ಬಸ್ಸಿನಲ್ಲಿ ತರುವಂತಿಲ್ಲ, ಒಯ್ಯಲು ಯಾರನ್ನಾದರೂ ಕಳಿಸಬಹುದೇ ಎಂದು ಕೇಳಿದೆ. ಪಟ್ಟಿ ತುಂಡಾದ ಕಡೆಯಲ್ಲೇ ಲೋಟ ಇಳಿಸಿದ ಚಿತ್ರ ಇರಬಹುದು, ಅಲ್ಲಿಂದಲೇ ಬಿಡಿಸಲು ಶುರು ಮಾಡಬೇಕೆಂದೂ, ನೋಡಬೇಕಾದವರಿಗೆ ಎಂಬತ್ತಾರು ವರ್ಷವೆಂದೂ ಕೊನೆಗೆ ಸೇರಿಸಿದೆ.