ಮೈನಸ್ ಮೇಷ್ಟ್ರು ಮತ್ತು ಮಹಡಿ ಮೇಲಿನ ಕ್ಲಾಸು

ಮೈನಸ್ ಮೇಷ್ಟ್ರಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಕಾಲೇಜಿನವರು ಹೇಳುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಮೂಗಿನ ತುದಿ ಮುಟ್ಟಲು ಸಿಟ್ಟಿಗೂ ಒಂದಿಷ್ಟು ಹೊತ್ತು ಬೇಕು. ಇವರದು ಅಷ್ಟೂ ಕಾಯುತ್ತಿರಲಿಲ್ಲ.

ವರ್ಷದಲ್ಲಿ ಮೂರು ವಾರ ಮಾತ್ರ ಅವರು ರಾಜ. ಉಳಿದ ದಿನವೆಲ್ಲ ಗಣಿತ ವಿಭಾಗದ ಮೂಲೆಯ ಮೇಜಿನಲ್ಲಿ ಕೂತು ಹಾಜರಿ ಬರೆಯುವುದು, ಉತ್ತರಪತ್ರಿಕೆಗಳ ಕಟ್ಟು ಕಟ್ಟುವುದು. ಓದಿದ್ದು ಒಂದೇ ಡಿಗ್ರಿ, ಅದೂ ಎರಡನೇ ಯತ್ನದಲ್ಲಿ. ಆದರೆ ಮೇಲಿನ ತರಗತಿಯ ಗಣಿತ ಶುರುವಾಗುವ ಮೊದಲು ಮಕ್ಕಳಿಗೆ ಹಳೆಯ ಪಾಠವನ್ನೆಲ್ಲ ಇನ್ನೊಮ್ಮೆ ತಿಕ್ಕಿ ತೊಳೆಯುವ ಕೆಲಸ ಹದಿನಾರು ವರ್ಷದಿಂದ ಅವರದೇ. ಭಿನ್ನರಾಶಿ, ಘಾತ, ಕಂಸ ಬಿಡಿಸುವುದು. ಪುಟಗಟ್ಟಲೆ ಲೆಕ್ಕ ಮಾಡುವ ಬುದ್ಧಿವಂತರೇ ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದರಲ್ಲಿ ಎರಡು ಎಂದು ಬರೆದು ಕೂತಿರುತ್ತಿದ್ದರು. ಅಂಥವರ ಕಿವಿ ಹಿಂಡುವ ಹಕ್ಕು ಕಾಲೇಜಿನಲ್ಲಿ ಇವರೊಬ್ಬರಿಗೇ ಇತ್ತು.

ಅವರ ಕ್ಲಾಸಿಗೆ ಒಂದು ಕಟ್ಟುನಿಟ್ಟು. ಪ್ರತಿಯೊಬ್ಬರೂ ತಾವು ಬರೆದ ಸಾಲನ್ನು ಗಟ್ಟಿಯಾಗಿ ಓದಬೇಕು. ಮೈನಸ್ ಬಂದಲ್ಲೆಲ್ಲ ಬೆರಳ ಗೆಣ್ಣಿನಿಂದ ಡೆಸ್ಕಿಗೆ ಒಂದು ಕುಟ್ಟಬೇಕು. ಹೊರಗೆ ಹಾದುಹೋಗುವವರಿಗೆ ಒಳಗೆ ಬಡಗಿ ಕೆಲಸ ನಡೆಯುತ್ತಿದೆ ಎನ್ನಿಸುತ್ತಿತ್ತು. ಆದರೆ ಮೂರು ವಾರ ಕುಟ್ಟಿದವರು ಮುಂದೆ ಚಿಹ್ನೆ ನುಂಗುತ್ತಿರಲಿಲ್ಲ. ಅಡ್ಡಹೆಸರು ಬಂದದ್ದೂ ಹಾಗೆಯೇ.

ಈ ಸಲ ಆ ರಾಜ್ಯಕ್ಕೆ ಪಾಲುದಾರ ಬಂದ. ಹೊರಗಿನವನಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಬಂದವನು ಹೆಂಡತಿಯ ಸ್ವಂತ ತಮ್ಮ. ದೊಡ್ಡ ಡಿಗ್ರಿ, ತೆಳ್ಳನೆ ಮೀಸೆ, ಯಾರನ್ನು ಕಂಡರೂ ನಗು. ವಿಭಾಗದ ಮುಖ್ಯಸ್ಥೆ ನಲವತ್ತನಾಲ್ಕು ಮಕ್ಕಳನ್ನು ಇಬ್ಬರಿಗೂ ಸಮನಾಗಿ ಹಂಚಿದರು. ಮೂರು ವಾರದ ಕೊನೆಗೆ ಒಂದೇ ಪರೀಕ್ಷೆ, ಪ್ರಶ್ನೆ ಮುಖ್ಯಸ್ಥೆಯದು. ಯಾರ ಮಕ್ಕಳ ಸರಾಸರಿ ಹೆಚ್ಚೋ, ಮುಂದಿನ ವರ್ಷದಿಂದ ಕ್ಲಾಸು ಅವರೊಬ್ಬರದೇ.

ಮೇಷ್ಟ್ರಿಗೆ ಕೆಳಗಿನ ಕೋಣೆ, ಭಾವಮೈದನಿಗೆ ಮಹಡಿ. ಅವನು ಕುಟ್ಟಿಸುತ್ತಿರಲಿಲ್ಲ. ಬೇಕೆಂದೇ ತಪ್ಪು ಮಾಡಿದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, ಕಳ್ಳನನ್ನು ಹಿಡಿಯಿರಿ ಎನ್ನುತ್ತಿದ್ದನಂತೆ. ಮಹಡಿಯಿಂದ ನಗು ಕೇಳಿಬರುತ್ತಿತ್ತು. ಗಣಿತದಲ್ಲಿ ನಗುವುದಕ್ಕೇನಿದೆ? ಮೇಷ್ಟ್ರಿಗೆ ದಿನಕ್ಕೆ ಏಳೆಂಟು ಸಲ ಬಾಯಾರತೊಡಗಿತು, ಕುಡಿಯುವ ನೀರು ಮಹಡಿಯಲ್ಲಿತ್ತು. ಹೋಗುವಾಗೊಮ್ಮೆ ಬರುವಾಗೊಮ್ಮೆ ಬಾಗಿಲಿನ ಗಾಜಿನಿಂದ ತಲೆ ಎಣಿಸುತ್ತಿದ್ದರು. ಇಪ್ಪತ್ತೆರಡು ಇಪ್ಪತ್ತೈದಾಯಿತು, ಆಮೇಲೆ ಇಪ್ಪತ್ತೆಂಟು. ಕೆಳಗೆ ಉಳಿದವರು ಹದಿನಾರು. ಆರು ಜನ ತಾವಾಗಿಯೇ ಮೆಟ್ಟಿಲು ಹತ್ತಿದ್ದರು, ಒಬ್ಬರೂ ಹೇಳಿ ಹೋಗಿರಲಿಲ್ಲ.

ಆ ದಿನ ಊಟಕ್ಕೆ ಕೂತಾಗ ಅವರು ತಟ್ಟೆಯನ್ನೇ ದುರುಗುಟ್ಟಿ ನೋಡಿದರು. ಅವನು ಪಾಠ ಮಾಡುತ್ತಿಲ್ಲ, ನಾಟಕ ಆಡಿಸುತ್ತಿದ್ದಾನೆ ಎಂದರು. ಹೆಂಡತಿ ಇನ್ನೊಂದು ಸೌಟು ಬಡಿಸಿ, ನಿಧಾನವಾಗಿ ಹೇಳಿದಳು:

“ಅವನು ಚಿಕ್ಕವನಿದ್ದಾಗ ಮಗ್ಗಿ ಕಲಿಸಿದ್ದು ನೀವೇ ಅಲ್ವಾ? ಹಾಗಾದ್ರೆ ನಿಮ್ಮ ನಾಟಕಾನೇ ಅವನು ಆಡ್ತಿರೋದು. ಹೊಟ್ಟೆ ಉರೀತಿದ್ರೆ ಮಜ್ಜಿಗೆ ಹಾಕ್ತೀನಿ, ಕುಡೀರಿ.”

ಮೇಷ್ಟ್ರು ಮಜ್ಜಿಗೆ ಕುಡಿಯಲಿಲ್ಲ.

ಪರೀಕ್ಷೆ ಮುಗಿಯಿತು. ಒಬ್ಬರ ಮಕ್ಕಳ ಪತ್ರಿಕೆಯನ್ನು ಇನ್ನೊಬ್ಬರು ತಿದ್ದಬೇಕೆಂದು ಮುಖ್ಯಸ್ಥೆ ಹೇಳಿದ್ದರು. ಮಹಡಿಯವರ ಕಟ್ಟನ್ನು ಮೇಷ್ಟ್ರು ಹಸಿದವರಂತೆ ಬಿಚ್ಚಿದರು. ಚಿಹ್ನೆ ತಪ್ಪಿದ್ದು ಅಲ್ಲಲ್ಲಿ ಸಿಕ್ಕಿತು, ಒಂದೊಂದಕ್ಕೂ ಕೆಂಪು ಗೀಟು ಎಳೆಯುವಾಗ ಅಂಗೈ ತಂಪಾಗುತ್ತಿತ್ತು. ಕೊನೆಯ ಪ್ರಶ್ನೆಗೆ ಆರು ಅಂಕ: ಎಕ್ಸ್‌ನಿಂದ ಎರಡು ಕಳೆದು, ಬಂದದ್ದರಿಂದ ಮೂರನ್ನು ಭಾಗಿಸಿದರೆ ಒಂದಕ್ಕಿಂತ ಕಡಿಮೆಯಾಗಬೇಕು, ಎಕ್ಸ್ ಎಷ್ಟಿರಬಹುದು? ಎರಡೂ ಕಡೆ ಗುಣಿಸು, ಎಕ್ಸ್ ಐದಕ್ಕಿಂತ ಹೆಚ್ಚು, ಮುಗಿಯಿತು. ಹದಿನಾರು ವರ್ಷ ಅವರು ಹೇಳಿಕೊಟ್ಟದ್ದೇ ಅದು. ಆದರೆ ಮಹಡಿಯ ಇಪ್ಪತ್ತೆಂಟು ಮಂದಿಯೂ ಅದರ ಜೊತೆಗೆ ‘ಅಥವಾ ಎರಡಕ್ಕಿಂತ ಕಡಿಮೆ’ ಎಂದು ಬಾಲ ಅಂಟಿಸಿದ್ದರು. ಎಲ್ಲರದೂ ಒಂದೇ ತಪ್ಪು.

ಮೇಷ್ಟ್ರ ಮೈಯೆಲ್ಲ ಹಗುರಾಯಿತು. ಇಪ್ಪತ್ತೆಂಟಕ್ಕೂ ಸೊನ್ನೆ ಸುತ್ತಿ, ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ನೇರ ಮುಖ್ಯಸ್ಥೆಯ ಕೋಣೆಗೆ ನುಗ್ಗಿದರು. ಭಾವಮೈದ ಅಲ್ಲೇ ಇದ್ದ. ಒಬ್ಬನೂ ಬಿಡದೆ ಕಾಪಿ ಹೊಡೆದಿದ್ದಾರೆ, ಇದೇನಾ ನಗಿಸಿ ನಗಿಸಿ ಕಲಿಸಿದ್ದು ಎಂದು ಕಟ್ಟನ್ನು ಮೇಜಿಗೆ ಬಡಿದರು.

ಮುಖ್ಯಸ್ಥೆ ಮೇಲಿನ ಪತ್ರಿಕೆ ಓದಿ, ಕನ್ನಡಕದ ಮೇಲಿನಿಂದ ನೋಡಿದರು. “ಮೇಷ್ಟ್ರೇ, ಎಕ್ಸ್ ಜಾಗಕ್ಕೆ ಸೊನ್ನೆ ಹಾಕಿ ನೋಡಿ.”

ಹಾಕಿದರು. ಕೆಳಗೆ ಮೈನಸ್ ಎರಡು. ಮೂರನ್ನು ಅದರಿಂದ ಭಾಗಿಸಿದರೆ ಮೈನಸ್ ಒಂದೂವರೆ. ಒಂದಕ್ಕಿಂತ ಕಡಿಮೆಯೇ. ಬೆರಳಿನ ಗೆಣ್ಣು ತಾನಾಗಿ ಮೇಜಿನತ್ತ ಹೋಗಿ ನಡುದಾರಿಯಲ್ಲಿ ನಿಂತಿತು. ಕಣ್ಣಿಗೆ ಕಾಣುವ ಮೈನಸ್ಸನ್ನೆಲ್ಲ ಕುಟ್ಟಿಸಿದ್ದರು. ಎಕ್ಸ್ ಮೈನಸ್ ಎರಡು ಎಂಬುದು ಇಡಿಯಾಗಿಯೇ ಮೈನಸ್ ಇರಬಹುದು, ಆಗ ಗುಣಿಸಿದರೆ ಹೆಚ್ಚು ಕಡಿಮೆಯ ಗುರುತು ತಿರುಗಿ ನಿಲ್ಲುತ್ತದೆ ಎಂಬುದನ್ನು ಒಂದು ವರ್ಷವೂ ಹೇಳಿರಲಿಲ್ಲ. ಗೊತ್ತಿರಲಿಲ್ಲವೆಂದಲ್ಲ. ಎಂದೋ ಓದಿದ್ದು, ಕುಟ್ಟುವ ಸದ್ದಿನಲ್ಲಿ ಮರೆತೇಹೋಗಿತ್ತು.

ಅಂಕಗಳನ್ನು ಮತ್ತೆ ಕೂಡಿಸಲಾಯಿತು. ಕೆಳಗಿನ ಹದಿನಾರರಲ್ಲಿ ಇಬ್ಬರು ಮಾತ್ರ ಸರಿ ಬರೆದಿದ್ದರು. ಆ ಪ್ರಶ್ನೆ ಸೇರಿಸಿದರೆ ಮೇಷ್ಟ್ರು ಸರಾಸರಿಯಲ್ಲಿ ಮೂರೂಕಾಲು ಅಂಕ ಹಿಂದೆ, ಬಿಟ್ಟರೆ ಎರಡು ಅಂಕ ಮುಂದೆ.

ಭಾವಮೈದ ಪಾಠದ ಪಟ್ಟಿಯನ್ನು ಮೇಜಿನ ಮೇಲಿಟ್ಟ. “ಭಾವ, ಆ ಪ್ರಶ್ನೆ ನಮ್ಮ ಮೂರು ವಾರದ ಪಟ್ಟಿಯಲ್ಲೇ ಇರಲಿಲ್ಲ. ನಾನು ಸುಮ್ನೆ ಜಾಸ್ತಿ ಹೇಳ್ಕೊಟ್ಟಿದ್ದೆ. ತೆಗೆದುಬಿಡೋಣ.”

ನಿಜವೂ ಹೌದು, ಪಟ್ಟಿಯಲ್ಲಿರಲಿಲ್ಲ; ಮೇಷ್ಟ್ರೂ ಅದನ್ನು ವರ್ಷ ವರ್ಷ ಪಟ್ಟಿಯಾಚೆಗೇ ಹೇಳಿಕೊಡುತ್ತಿದ್ದರು. ಮುಖ್ಯಸ್ಥೆ, ನೀವು ಹೂಂ ಅಂದರೆ ನನಗೆ ಅಡ್ಡಿಯಿಲ್ಲ ಎಂದರು. ಒಂದು ಹೂಂ ಅಂದರೆ ಸಾಕಿತ್ತು, ಸಾಯುವವರೆಗೂ ಕ್ಲಾಸು ಅವರದೇ. ಮೇಷ್ಟ್ರು ಭಾವಮೈದನ ಮುಖ ನೋಡಿದರು. ಅದರಲ್ಲಿ ಸೋಗು ಇಲ್ಲ, ವ್ಯಂಗ್ಯ ಇಲ್ಲ. ಅಲ್ಲಿಯವರೆಗೆ ಅವನ ಡಿಗ್ರಿಗೆ, ಅವನ ಇಪ್ಪತ್ತೆಂಟು ತಲೆಗಳಿಗೆ ಉರಿದಿದ್ದ ಹೊಟ್ಟೆ ಈಗ ಅವನ ಒಳ್ಳೆಯತನಕ್ಕೆ ಹತ್ತುಪಟ್ಟು ಉರಿಯಿತು. ಇವನಿಗೆ ಇದೂ ಬರುತ್ತದಲ್ಲ!

“ನೀನು ದಾನ ಕೊಟ್ಟ ಕ್ಲಾಸಲ್ಲಿ ನಾನು ನಿಂತ್ಕೊಳಲ್ಲ,” ಎಂದರು. “ಪ್ರಶ್ನೆ ಇರ್ಲಿ. ತಪ್ಪು ಮಕ್ಕಳದ್ದಲ್ಲ, ನಂದು. ನಂಗೆ ಆ ಹದಿನಾರು ಜನರ ಜೊತೆ ಇನ್ನೊಂದು ಗಂಟೆ ಕೊಡಿ, ಅಷ್ಟೇ.”

ಕೆಳಗಿನ ಕೋಣೆಯಲ್ಲಿ ಹದಿನಾರೂ ಜನ ಬ್ಯಾಗು ಹೆಗಲಿಗೇರಿಸಿ ಹೊರಟಿದ್ದರು. ಮೇಷ್ಟ್ರು ಎಲ್ಲರನ್ನೂ ಗದರಿ ಕೂರಿಸಿ, ಬೋರ್ಡಿನ ನಡುವೆ ಗೆರೆ ಎಳೆದು, ಎರಡಕ್ಕಿಂತ ಆಚೆ ಒಂದು ಲೆಕ್ಕ, ಈಚೆ ಇನ್ನೊಂದು ಲೆಕ್ಕ ಮಾಡಿ ತೋರಿಸಿದರು. ತಾವು ಹೇಳಿಕೊಟ್ಟದ್ದು ಅರ್ಧ ಉತ್ತರ ಎಂದೂ ಹೇಳಿದರು. ಹೇಳುವಾಗ ದನಿ ಯಾರನ್ನೋ ಬೈಯುವಂತೆಯೇ ಇತ್ತು.

ಮುಂದಿನ ಬೆಂಚಿನ ಹುಡುಗಿ, ಇದು ಮಹಡಿ ಮೇಲಿನ ಸರ್ ಹೇಳಿಕೊಡುವ ರೀತಿ ಅಲ್ಲವೇ ಎಂದು ಕೇಳಿದಳು.

ಮೇಷ್ಟ್ರು ಬೋರ್ಡಿನ ಕಡೆಗೇ ತಿರುಗಿದರು. ಹೌದು ಎಂದರು. ಆಮೇಲೆ ಇನ್ನೊಂದು ಲೆಕ್ಕ ಬರೆದು, ಇದನ್ನು ಮಹಡಿಯವರಿಗಿಂತ ಬೇಗ ಮಾಡದೆ ಒಬ್ಬರೂ ಮನೆಗೆ ಹೋಗಕೂಡದೆಂದು ಬಾಗಿಲಿಗೆ ಅಡ್ಡ ನಿಂತರು.