ಅಕ್ಕನ ಕೋಲಿಗೆ ನನ್ನ ಅಳತೆ

ಈ ಸಲದ ಯುಗಾದಿ ಮುಗಿದ ಭಾನುವಾರ ಬೆಳಿಗ್ಗೆ ಬಳ್ಳಾರಿಯ ಆಟದ ಸಾಮಾನಿನ ಅಂಗಡಿಯೊಂದರಲ್ಲಿ, ಗಲ್ಲಾದ ಎಡಕ್ಕೆ, ಕ್ರಿಕೆಟ್ ಬ್ಯಾಟುಗಳ ಪಕ್ಕ ನಾನು ನಿಂತಿದ್ದೆ. ನನ್ನ ಮುಂದೆ ಅಕ್ಕ, ಅವಳ ಪಕ್ಕ ಕುರುಗೋಡಿನ ಅವಳ ಗೆಳತಿ. ಸಿರುಗುಪ್ಪದಲ್ಲಿ ಆಟದ ಟೀಚರ್ ಆಗಿ ನಿವೃತ್ತಳಾದ ಅಕ್ಕ ಗಾಲ್ಫ್ ಕಲಿಯುತ್ತಿದ್ದಳು. ಎರವಲು ತಂದ ಕೋಲುಗಳು ಅವಳ ಎತ್ತರಕ್ಕೆ ಗಿಡ್ಡ. ಬಾಗಿ ಬಾಗಿ ಸೊಂಟ ಹಿಡಿದಿತ್ತು. ಮೈಗೆ ಹೊಂದುವ ಕೋಲು ಸಿಗದಿದ್ದರೆ ಆಟ ಬಿಡಿ ಎಂದು ಡಾಕ್ಟರು ಹೇಳಿದ್ದರು. ತಮ್ಮನಾದ ನಾನು ಬೆಂಗಳೂರಿಗೆ ಹೋಗೋಣ ಎಂದರೆ, "ನಮ್ಮೂರಾಗ ಅಳತಿ ತಗೊಳ್ಳೋರು ಅದಾರಲ್ಲ" ಎಂದು ಅವಳೇ ಇಲ್ಲಿಗೆ ಕರೆತಂದಿದ್ದಳು.

ಅಂಗಡಿಯವನು ಟೇಪು ಹಿಡಿದು ಬಂದ. ಅಕ್ಕನನ್ನು ದಾಟಿ, ನನ್ನ ಮಣಿಕಟ್ಟಿನಿಂದ ನೆಲದವರೆಗೆ ಅಳೆಯತೊಡಗಿದ.

"ಆಡೋದು ನಾನ್ರಿ," ಎಂದಳು ಅಕ್ಕ.

"ಹೆಣ್ಮಕ್ಕಳನ್ನ ನಾವು ಮುಟ್ಟಿ ಅಳಿಯಂಗಿಲ್ಲ ಅಕ್ಕಾರ. ಟೈಲರ್‌ಗೆ ಹಳೇ ಕುಪ್ಪಸ ಕೊಟ್ಟು ಕಳಸ್ತೀರಲ್ಲ, ಹಂಗ. ಅಣ್ಣಾರ ಅಳತಿ ಹಿಡಿದು ಎರಡಿಂಚು ಕಡಿತೀನಿ."

"ಏ ತಮ್ಮಾ, ಇವನ ತಲಿ ನನ್ನ ಕಿವಿ ತನಕ ಬರತೈತಿ. ನಿನಗ ಕಣ್ಣಿಲ್ಲೇನು?" ಅಕ್ಕ ನನ್ನತ್ತ ಬೆರಳು ತೋರಿ ಅವನನ್ನು ಕೇಳಿದಳು.

ಅವನು ನಕ್ಕು, ನನ್ನನ್ನೇ ಅಳೆಯುತ್ತ ಹೋದ. ಎದುರಿಗಿದ್ದವಳನ್ನೇ ಇಲ್ಲವೆನ್ನುವುದು ಯಾವ ಮರ್ಯಾದೆ?

ಅಕ್ಕ ಟೇಪು ಕಸಿದು ಒಂದು ತುದಿಯನ್ನು ಗೆಳತಿಗೆ ಕೊಟ್ಟಳು. ನೆಟ್ಟಗೆ ನಿಂತು ತನ್ನ ಅಳತೆ ಗಟ್ಟಿಯಾಗಿ ಓದಿಸಿ, ಟೇಪನ್ನು ಗಲ್ಲಾದ ಮೇಲಿಟ್ಟು ನನ್ನತ್ತ ತಿರುಗಿದಳು.

"ನಡಿ, ಬೆಂಗಳೂರಿಗೇ ಹೋಗೂಣು."

ಅಂದು ಟೇಪಿನ ತುದಿ ಹಿಡಿದಿದ್ದ ಆ ಗೆಳತಿ ಕುರುಗೋಡಿನಲ್ಲಿ ಚೆನ್ನಾಗಿದ್ದಾರೆ. ಅನುಮಾನವಿದ್ದವರು ಅವರನ್ನೇ ಕೇಳಬಹುದು.